ಗೃಹಶಿಕ್ಷಣದಲ್ಲಿ ಬರವಣಿಗೆಯೂ ಅಂಕವೂ: ಒಂದು ಐತಿಹಾಸಿಕ ಪರಿಶೀಲನೆ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವ ತಂದೆತಾಯಿಗಳು ಇಂದು ಹಲವು ದೇಶಗಳಲ್ಲಿದ್ದಾರೆ. ಗಣಿತದಲ್ಲಿ ಉತ್ತರದ ಸರಿತಪ್ಪುಗಳನ್ನು ಹೇಳುವುದು ಅವರಿಗೆ ಸುಲಭ. ಆದರೆ ಮಗು ಬರೆದ ಪ್ರಬಂಧಕ್ಕೆ ಅಂಕ ಕೊಡಬೇಕೇ, ಕೊಡದಿದ್ದರೆ ಬರವಣಿಗೆ ತಿದ್ದೀತೇ ಎಂಬ ಸಂದೇಹ ಅವರನ್ನು ಬಾಧಿಸುತ್ತದೆ. ಈ ಪ್ರಶ್ನೆಯನ್ನು ಒಂದು ಪ್ರಸಿದ್ಧ ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಜಾನ್ ಸ್ಟೂಅರ್ಟ್ ಮಿಲ್ (1806–1873) ಶಾಲೆಯ ಮೆಟ್ಟಿಲನ್ನೇ ಹತ್ತಿದವನಲ್ಲ. ಅವನ ತಂದೆ ಜೇಮ್ಸ್ ಮಿಲ್ ಬ್ರಿಟಿಷ್ ಇಂಡಿಯಾದ ಇತಿಹಾಸವನ್ನು ರಚಿಸುತ್ತಿದ್ದ ಮೇಜಿನ ಬಳಿಯಲ್ಲಿಯೇ ಮಗನೂ ಕುಳಿತು ಗ್ರೀಕ್ ಭಾಷೆಯನ್ನು ಕಲಿತನು. 1819ರಲ್ಲಿ ಅರ್ಥಶಾಸ್ತ್ರದ ಪಾಠ ಆರಂಭವಾಯಿತು. ನಡೆದಾಡುತ್ತ ತಂದೆ ವಿವರಿಸಿದ ವಿಷಯವನ್ನು ಮಗನು ಮರುದಿನ ಬರೆದು ಒಪ್ಪಿಸಬೇಕು. ಅದು ಸ್ಪಷ್ಟವೂ ನಿಷ್ಕೃಷ್ಟವೂ ಸಾಕಷ್ಟು ಪೂರ್ಣವೂ ಆಗುವವರೆಗೆ ಮತ್ತೆ ಮತ್ತೆ ಬರೆಯಬೇಕು. ಈ ಬರಹಗಳೇ 1821ರಲ್ಲಿ ತಂದೆ ಪ್ರಕಟಿಸಿದ ಅರ್ಥಶಾಸ್ತ್ರದ ಗ್ರಂಥಕ್ಕೆ ಟಿಪ್ಪಣಿಗಳಾಗಿ ಒದಗಿದುವು. ಇಲ್ಲಿ ಅಂಕವಿರಲಿಲ್ಲ, ಆದರೆ ನಿರ್ಣಯವಿತ್ತು. ಬರೆದುದನ್ನು ನಿಜವಾಗಿ ಬಳಸಿಕೊಳ್ಳುವ ಓದುಗನೂ ಇದ್ದನು.

ಬಾಲಕನು ತನ್ನಿಚ್ಛೆಯಿಂದ ಬರೆಯುತ್ತಿದ್ದ ಇತಿಹಾಸಗಳನ್ನು ಮಾತ್ರ ತಂದೆ ತೋರಿಸೆಂದು ಎಂದೂ ಕೇಳಲಿಲ್ಲ. ಇದು ವಿವೇಕದ ನಡೆಯೆಂದೂ, ಇದರಿಂದ ತಾನು ನಿರ್ಭಯವಾಗಿ ಬರೆದೆನೆಂದೂ ಮಿಲ್ ತನ್ನ ಆತ್ಮಚರಿತ್ರೆಯಲ್ಲಿ ಸ್ಮರಿಸಿದ್ದಾನೆ.

ಹಾಗೆಂದು ಈ ಶಿಕ್ಷಣವು ನಿರ್ದುಷ್ಟವಾಗಿತ್ತೆಂದು ಹೇಳಲಾಗದು. ವಾಚನದಲ್ಲಿ ತಪ್ಪಿದಾಗ ತಂದೆ ಗದರಿಸುತ್ತಿದ್ದನೇ ಹೊರತು, ಹೇಗೆ ಓದಬೇಕೆಂಬುದನ್ನು ತಾನೇ ಓದಿ ತೋರಿಸಲಿಲ್ಲ. ತಂದೆಯಲ್ಲಿ ವಾತ್ಸಲ್ಯದ ಕೊರತೆಯಿತ್ತೆಂದು ಮಗನೇ ಬರೆದಿದ್ದಾನೆ. 1826ರಲ್ಲಿ ಅವನು ತೀವ್ರವಾದ ಮಾನಸಿಕ ಖಿನ್ನತೆಗೆ ಒಳಗಾದನು. ಅಂಕವನ್ನು ಕೈಬಿಟ್ಟ ಮಾತ್ರಕ್ಕೆ ಮಗುವಿನ ಮೇಲಿನ ಭಾರ ಇಳಿಯುವುದಿಲ್ಲ.

ಹಾಗಾದರೆ ಅಂಕವು ಯಾರಿಗೆ ಬೇಕಾಯಿತು? ಕಲಿಸುವವನಿಗಲ್ಲ, ಕಲಿತವನನ್ನು ಅರಿಯದ ಮೂರನೆಯವನಿಗೆ. 1836ರಲ್ಲಿ ಸ್ಥಾಪಿತವಾದ ಲಂಡನ್ ವಿಶ್ವವಿದ್ಯಾನಿಲಯವು ಪಾಠ ಹೇಳದೆ ಪರೀಕ್ಷೆ ನಡೆಸುವ ಸಂಸ್ಥೆಯಾಗಿತ್ತು. 1858ರಿಂದ, ಎಲ್ಲಿಯೇ ಓದಿದವರಾಗಲಿ, ಅದರ ಪದವಿ ಪರೀಕ್ಷೆಗಳಿಗೆ ಕುಳಿತುಕೊಳ್ಳಬಹುದಾಯಿತು. ಅದರ ಮಾದರಿಯಲ್ಲಿಯೇ 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳ ವಿಶ್ವವಿದ್ಯಾನಿಲಯಗಳು ಹುಟ್ಟಿದುವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಗುವವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಗಳೂ ಮದರಾಸಿನ ಪರೀಕ್ಷಕರನ್ನೇ ಅವಲಂಬಿಸಿದ್ದರು. ಮುಖಪರಿಚಯವಿಲ್ಲದ ಸಾವಿರಾರು ಮಂದಿಯನ್ನು ವರ್ಗೀಕರಿಸಲು ಅಂಕವಲ್ಲದೆ ಬೇರೆ ಉಪಾಯ ದುರ್ಲಭ.

ಆದರೆ ಪ್ರಬಂಧದ ಮಟ್ಟಿಗೆ ಈ ಅಳತೆಗೋಲೂ ಸ್ಥಿರವಲ್ಲ. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ವಿದ್ವಾಂಸರು ಇಂಗ್ಲಿಷ್ ವಿಷಯದ ಒಂದೇ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಅಧ್ಯಾಪಕರಿಂದ ತಿದ್ದಿಸಿದಾಗ, ಅವರು ನೂರಕ್ಕೆ ಕೊಟ್ಟ ಅಂಕಗಳಲ್ಲಿ 30ಕ್ಕೂ ಮಿಗಿಲಾದ ಅಂತರ ಕಂಡುಬಂದಿತು.

ಮನೆಯಲ್ಲಿ ಮೂರನೆಯವನಿಲ್ಲ. ಅಲ್ಲಿ ಮಗುವಿಗೆ ಬೇಕಾದುದು ಯಾವ ವಾಕ್ಯ ಏಕೆ ಸೋತಿತೆಂಬ ತಿಳುವಳಿಕೆ, ಅದನ್ನು ಪುನಃ ಬರೆಯುವ ಅವಕಾಶ ಮತ್ತು ತಿದ್ದುವವರ ಸೌಜನ್ಯ. ಮುಂದೆ ಕಾಲೇಜಿನ ಬಾಗಿಲಲ್ಲಿ ಅಂಕಪಟ್ಟಿ ಬೇಕಾಗುವುದು ನಿಜ. ಆದರೆ ಅದು ಪ್ರವೇಶದ ಚೀಟಿಯೇ ಹೊರತು ಬರವಣಿಗೆಯ ಗುರುವಲ್ಲ. ತರಗತಿಯಲ್ಲಿ ಉತ್ತರಪತ್ರಿಕೆಗಳ ರಾಶಿಯನ್ನು ತಿದ್ದುವ ನಾವೂ ಈ ಭೇದವನ್ನು ನೆನಪಿನಲ್ಲಿಡುವುದು ಉಚಿತ.