ಢಾಕಾದ ಪ್ರಾಂಶುಪಾಲರು ಕೇಳಿದ ಪ್ರಶ್ನೆ

ಜೀವವಿಮೆ ಮಾಡಿಸಿದವರಿಗೆ ‘ಸರೆಂಡರ್ ವ್ಯಾಲ್ಯೂ’ ಎಂಬ ಮಾತು ಹೊಸದಲ್ಲ. ಪಾಲಿಸಿಯನ್ನು ಅರ್ಧದಲ್ಲೇ ಬಿಟ್ಟರೆ ಆವರೆಗೆ ಕಟ್ಟಿದ್ದಕ್ಕೆ ಕೈಗೆ ಎಷ್ಟು ಬರುತ್ತದೆ ಎಂಬ ಲೆಕ್ಕವದು. ಇದೇ ಲೆಕ್ಕವನ್ನು ಇಂಗ್ಲಿಷ್ ಪಾಠಕ್ಕೆ ಹಾಕಿ ನೋಡಿದವರು ಮೈಕೆಲ್ ವೆಸ್ಟ್ (1888-1973). ಬಿ.ಎಡ್. ಪರೀಕ್ಷೆಗಾಗಿ ನಾನು ಅವರ ಹೆಸರನ್ನು ಬಾಯಿಪಾಠ ಮಾಡಿದ್ದೆ. ಅವರ ಮಾತು ಅರ್ಥವಾದದ್ದು ತರಗತಿಯಲ್ಲಿ ನಿಂತ ಮೇಲೆ.

ಇಂಗ್ಲೆಂಡಿನವರಾದ ವೆಸ್ಟ್ ಬ್ರಿಟಿಷರ ಆಳ್ವಿಕೆಯಲ್ಲಿ ಭಾರತೀಯ ಶಿಕ್ಷಣ ಸೇವೆಗೆ ಸೇರಿ ಬಂಗಾಳಕ್ಕೆ ಬಂದರು. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಅಲ್ಲಿನ ಮಕ್ಕಳು ವರ್ಷಗಟ್ಟಲೆ ಇಂಗ್ಲಿಷ್ ಕಲಿಯುತ್ತಿದ್ದರು. ಆದರೆ ಬಹಳ ಮಂದಿ ಶಾಲೆ ಪೂರ್ತಿ ಮಾಡುತ್ತಿರಲಿಲ್ಲ. ನಡುವೆ ಬಿಟ್ಟುಹೋದ ಹುಡುಗನಿಗೆ ಮಾತನಾಡಲೂ ಬಾರದು, ಪುಸ್ತಕ ಓದಲೂ ಬಾರದು. ಹಾಗಾದರೆ ಅವನಿಗೆ ದಕ್ಕಿದ್ದೇನು? 1926ರಲ್ಲಿ ಪ್ರಕಟವಾದ ‘ಬೈಲಿಂಗ್ವಲಿಸಂ’ ಎಂಬ ಗ್ರಂಥದಲ್ಲಿ ವೆಸ್ಟ್ ಎತ್ತಿದ ಮುಖ್ಯ ಪ್ರಶ್ನೆಗಳಲ್ಲಿ ಇದೂ ಒಂದು.

ಅವರ ಉತ್ತರ: ಮೊದಲು ಓದು. ಹಳ್ಳಿಗೆ ಮರಳಿದವನಿಗೆ ಇಂಗ್ಲಿಷಿನಲ್ಲಿ ಮಾತನಾಡಲು ಜನರೇ ಇಲ್ಲ. ಸರಳ ಪುಸ್ತಕ ಓದಲು ಬಂದರೆ ಮಾತ್ರ ಕಲಿಕೆ ಅವನೊಂದಿಗೆ ಉಳಿಯುತ್ತದೆ, ಬೆಳೆಯುತ್ತದೆ.

ಆದರೆ ಓದಿಸಲು ಪುಸ್ತಕ ಬೇಕಲ್ಲ! ಆಗಿನ ಪಠ್ಯಗಳಲ್ಲಿ ಹೊಸ ಪದಗಳು ಒತ್ತೊತ್ತಾಗಿ ತುಂಬಿದ್ದವು, ಅವುಗಳಲ್ಲಿ ಎಷ್ಟೋ ಅಪರೂಪದ, ಹಳೆಯ ಕಾಲದ ಪದಗಳು. ಪದ ಗೊತ್ತಿಲ್ಲದೆ ಮಗು ಸಾಲುಸಾಲಿಗೂ ನಿಂತರೆ ಕಥೆಯ ರುಚಿ ಹತ್ತುವುದೆಲ್ಲಿಂದ? ವೆಸ್ಟ್ ಅಂಥ ಪದಗಳನ್ನು ತೆಗೆದು ಬಳಕೆಯ ಪದಗಳನ್ನಿಟ್ಟರು. ಹೊಸ ಪದಗಳನ್ನು ದೂರದೂರಕ್ಕೆ ಹಾಕಿದರು, ಒಮ್ಮೆ ಬಂದದ್ದನ್ನು ಮತ್ತೆ ಮತ್ತೆ ತಂದರು. ಹೀಗೆ ಅವರ ‘ನ್ಯೂ ಮೆಥಡ್ ರೀಡರ್ಸ್’ ಹುಟ್ಟಿದವು. 1935ರಲ್ಲಿ ಎಂಡಿಕಾಟ್ ಅವರೊಡನೆ ತಂದ ನಿಘಂಟು ಇನ್ನೂ ಸೋಜಿಗದ್ದು: ಸುಮಾರು 24,000 ಪದ-ನುಡಿಗಟ್ಟುಗಳ ಅರ್ಥವನ್ನು ಕೇವಲ 1,490 ಪದಗಳಲ್ಲಿ ಹೇಳಿದರು. ಅರ್ಥ ನೋಡಲು ಹೋದವನು ಇನ್ನೊಂದು ಕಠಿಣ ಪದಕ್ಕೆ ಸಿಕ್ಕಿಬೀಳುವ ಪಾಡು ತಪ್ಪಿತು. 1953ರಲ್ಲಿ ಬಂದ, ಸುಮಾರು 2,000 ಪದಗಳ ಅವರ ಪಟ್ಟಿ ಮುಂದೆ ಸರಳ ಓದಿನ ಪುಸ್ತಕಗಳನ್ನು ಬರೆಯುವವರಿಗೆ ದಶಕಗಳ ಕಾಲ ಆಧಾರವಾಯಿತು.

ವೆಸ್ಟ್ ಹೇಳಿದ್ದೆಲ್ಲವನ್ನೂ ನಾನು ಒಪ್ಪುವುದಿಲ್ಲ. ಅದೇ ಕಾಲದಲ್ಲಿ, 1922ರಲ್ಲಿ ಜಪಾನಿಗೆ ಹೋದ ಹೆರಾಲ್ಡ್ ಪಾಮರ್ ಕಿವಿಗೆ ಬಿದ್ದು ನಾಲಿಗೆಗೆ ಬಂದ ಮೇಲೆಯೇ ಓದು ಎನ್ನುತ್ತಿದ್ದರು. ಸಂದರ್ಶನದಲ್ಲಿ ತಡವರಿಸುವ ನಮ್ಮ ಯುವಕರನ್ನು ನೋಡಿದರೆ ಪಾಮರ್ ಮಾತಿನಲ್ಲೂ ಹುರುಳಿದೆ ಎನಿಸುತ್ತದೆ. ಆದರೂ ನಮ್ಮ ಮಕ್ಕಳ ಸ್ಥಿತಿ ಢಾಕಾದ ಆ ಹುಡುಗರದ್ದಕ್ಕೇ ಹತ್ತಿರ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ಇಂಗ್ಲಿಷ್ ಇರುವುದು ಪುಸ್ತಕದಲ್ಲಿ ಮಾತ್ರ, ಆ ಪುಸ್ತಕವೂ ಪರೀಕ್ಷೆ ಮುಗಿದ ದಿನ ಮುಚ್ಚಿಹೋಗುತ್ತದೆ.

ಎಂಟನೇ ತರಗತಿಗೆ ಶಾಲೆ ಬಿಟ್ಟ ಹುಡುಗಿಯೊಬ್ಬಳು ಒಂದು ದಿನ ಔಷಧದ ಬಾಟಲಿ ಹಿಡಿದು ಶಾಲೆಯ ಗೇಟಿನ ಬಳಿ ನಿಂತಿದ್ದಳು. ತಮ್ಮನಿಗೆ ಜ್ವರ. “ಟೀಚರ್, ಇದನ್ನು ಕುಲುಕಿ ಕೊಡಬೇಕೋ, ಹಾಗೇ ಕೊಡಬೇಕೋ ನೋಡಿ ಹೇಳ್ತೀರಾ?” ಎಂದಳು. ಬಾಟಲಿಯ ಮೇಲಿದ್ದದ್ದು ನಾಲ್ಕೇ ನಾಲ್ಕು ಪದ. ಮೂರು ವರ್ಷ ಅವಳು ಇಂಗ್ಲಿಷ್ ಪಾಠ ಕೇಳಿದ್ದು ನಮ್ಮ ಶಾಲೆಯಲ್ಲೇ.