ಜಿಂಕೆ ಬೇಟೆಯ ಬಿಲ್ಲುಗಳು

ಜಿಂಕೆ ಜಾತಿಯ ಪ್ರಾಣಿಗಳನ್ನು ಬಾಣದಿಂದ ಬೇಟೆಯಾಡಲು ಇಂದು ಮುಖ್ಯವಾಗಿ ಎರಡು ಬಗೆಯ ಬಿಲ್ಲುಗಳು ಬಳಕೆಯಲ್ಲಿವೆ. ಒಂದು, ರಾಟೆಗಳ ನೆರವಿನಿಂದ ಕೆಲಸ ಮಾಡುವ ಕಾಂಪೌಂಡ್ ಬಿಲ್ಲು. ಇನ್ನೊಂದು, ಕ್ರಾಸ್‌ಬೋ ಎಂದೂ ಕರೆಯಲಾಗುವ ಅಡ್ಡಬಿಲ್ಲು. ಇವೆರಡರಲ್ಲಿ ಯಾವುದನ್ನು ಆರಿಸಬೇಕೆಂಬ ಪ್ರಶ್ನೆ ಅಮೆರಿಕದಂತಹ, ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿರುವ ದೇಶಗಳಿಗೆ ಸಂಬಂಧಿಸಿದ್ದು. ಭಾರತದಲ್ಲಿ 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಪ್ರಕಾರ ಜಿಂಕೆಯನ್ನು ಯಾವ ಆಯುಧದಿಂದ ಬೇಟೆಯಾಡುವುದೂ ಅಪರಾಧ. ಬಿಲ್ಲುಬೇಟೆಯ ಪರಂಪರೆಯಾದರೋ ಕರ್ನಾಟಕದಲ್ಲಿ ಬಹಳ ಹಳೆಯದು. ಹಾಸನ ಜಿಲ್ಲೆಯ ಬೇಲೂರು, ಹಳೇಬೀಡುಗಳ ಹೊಯ್ಸಳ ಶಿಲ್ಪಗಳಲ್ಲಿ ಅದರ ಕುರುಹುಗಳು ಉಳಿದಿವೆ.

ಹೊಯ್ಸಳ ನಾಡಿನಲ್ಲಿ ಬಿಲ್ಲು ಮತ್ತು ಬೇಟೆ

ಇಂದಿನ ಹಳೇಬೀಡು ದೋರಸಮುದ್ರವೆಂಬ ಹೆಸರಿನಲ್ಲಿ ಹೊಯ್ಸಳರ ರಾಜಧಾನಿಯಾಗಿತ್ತು. ವಿಷ್ಣುವರ್ಧನನ ಕಾಲದಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠಾಪನೆಗೊಂಡಿತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ನಿರ್ಮಾಣ ಸುಮಾರು 1121ರಲ್ಲಿ ಆರಂಭವಾಯಿತು. 2023ರಲ್ಲಿ ಈ ಎರಡೂ ದೇವಾಲಯಗಳು ಸೋಮನಾಥಪುರದ ದೇವಾಲಯದೊಂದಿಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೊಯ್ಸಳೇಶ್ವರದ ಹೊರಗೋಡೆಯ ರಾಮಾಯಣ, ಮಹಾಭಾರತ ಕಥಾಪಟ್ಟಿಕೆಗಳಲ್ಲಿ ಬಿಲ್ಲು ಹಿಡಿದ ಯೋಧರು ಮತ್ತೆ ಮತ್ತೆ ಕಾಣಸಿಗುತ್ತಾರೆ. ಬೇಲೂರಿನ ಮದನಿಕೆಯರ ಸಾಲಿನಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. ಬೇಟೆಯನ್ನು ಗಂಡಸರ ವಿನೋದವೆಂದೇ ತಿಳಿದು ಬಂದವರು ಈ ಶಿಲ್ಪದ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದುಂಟು. ಹೊಯ್ಸಳರ ಲಾಂಛನದಲ್ಲಿಯೂ ಮೃಗದೊಡನೆ ಹೋರಾಟವಿದೆ. ಆದರೆ ಅಲ್ಲಿ ಸಳನ ಕೈಯಲ್ಲಿರುವುದು ಬಿಲ್ಲಲ್ಲ, ಮೃಗದ ಮೈಗೆ ಮೈ ತಾಗುವಷ್ಟು ಹತ್ತಿರದಿಂದ ತಿವಿಯುವ ಆಯುಧ.

ಹೊಯ್ಸಳರಿಗೆ ಅಧಿರಾಜರಾಗಿದ್ದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ವು ಬೇಟೆಯನ್ನು ರಾಜವಿನೋದಗಳಲ್ಲಿ ಒಂದಾಗಿ ವಿವರಿಸುತ್ತದೆ. ಅದಕ್ಕೂ ಹಿಂದೆ, 949–50ರ ಆತಕೂರು ಶಾಸನವು ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯನ್ನು ಸ್ಮರಿಸುತ್ತದೆ. ಅರಮನೆಯ ಬೇಟೆಯೊಂದು ಬಗೆಯಾದರೆ, ಹೊಟ್ಟೆಪಾಡಿನ ಬೇಟೆ ಇನ್ನೊಂದು ಬಗೆ. ಹಾಸನ ಜಿಲ್ಲೆಯೂ ಸೇರಿದಂತೆ ರಾಜ್ಯದ ಹಲವೆಡೆ ನೆಲೆಸಿರುವ ಹಕ್ಕಿಪಿಕ್ಕಿ ಸಮುದಾಯದವರು ಬಲೆ ಮತ್ತು ಉರುಳುಗಳಿಂದ ಹಕ್ಕಿ, ಸಣ್ಣ ಪ್ರಾಣಿಗಳನ್ನು ಹಿಡಿದು ಬದುಕುತ್ತಿದ್ದರು. 1972ರ ಕಾಯ್ದೆಯ ನಂತರ ಅವರು ಬೇರೆ ಕಸುಬುಗಳನ್ನು ಹುಡುಕಿಕೊಳ್ಳಬೇಕಾಯಿತು.

ಇಲ್ಲಿಯ ಶಿಲ್ಪಗಳಲ್ಲಿ ಕಾಣುವುದು ನೇರವಾಗಿ ಕೈಯಲ್ಲಿ ಹಿಡಿದು ಸೆಳೆಯುವ ಬಿಲ್ಲು. ಅಡ್ಡಬಿಲ್ಲು ಪ್ರಾಚೀನ ಚೀನಾದಲ್ಲಿಯೂ ಮಧ್ಯಯುಗದ ಯೂರೋಪಿನಲ್ಲಿಯೂ ಪ್ರಬಲವಾಗಿ ಬೆಳೆದ ಆಯುಧ. ವಿಷ್ಣುವರ್ಧನನ ತಲೆಮಾರಿನಲ್ಲೇ, 1139ರಲ್ಲಿ, ರೋಮಿನಲ್ಲಿ ಸೇರಿದ ಎರಡನೆಯ ಲ್ಯಾಟರನ್ ಧರ್ಮಸಭೆಯು ಕ್ರೈಸ್ತರ ಮೇಲೆ ಅಡ್ಡಬಿಲ್ಲುಗಾರರನ್ನೂ ಬಿಲ್ಲುಗಾರರನ್ನೂ ಬಳಸಬಾರದೆಂದು ವಿಧಿಸಿತು. ಆ ವಿಧಿಯನ್ನು ಪಾಲಿಸಿದವರು ಕಡಿಮೆ.

ರಚನೆ ಮತ್ತು ಕಾರ್ಯವಿಧಾನ

ಸಾಂಪ್ರದಾಯಿಕ ಬಿಲ್ಲಿನಲ್ಲಿ ಹೆದೆಯನ್ನು ಎಳೆದಷ್ಟೂ ಭಾರ ಹೆಚ್ಚುತ್ತದೆ. ಕಾವ್ಯಗಳಲ್ಲಿ ಬರುವಂತೆ ಕಿವಿಯವರೆಗೆ ಸೆಳೆದಾಗ ತೋಳಿನ ಮೇಲಿನ ಹೊರೆ ಅತ್ಯಧಿಕ. ಗುರಿ ಹಿಡಿಯಬೇಕಾದ ಕ್ಷಣವೂ ಅದೇ. ಅಮೆರಿಕದ ಮಿಸೌರಿ ರಾಜ್ಯದ ಹಾಲೆಸ್ ವಿಲ್ಬರ್ ಅಲೆನ್ ಈ ತೊಡಕನ್ನು ನಿವಾರಿಸಿ 1966ರಲ್ಲಿ ಹಕ್ಕುಸ್ವಾಮ್ಯಕ್ಕೆ ಅರ್ಜಿ ಸಲ್ಲಿಸಿದನು. 1969ರಲ್ಲಿ ಅದು ದೊರೆಯಿತು. ಅವನ ಬಿಲ್ಲಿನ ಎರಡು ತುದಿಗಳಲ್ಲಿ ಕೇಂದ್ರ ತಪ್ಪಿಸಿ ಕೂರಿಸಿದ ರಾಟೆಗಳಿದ್ದವು. ಇಂದು ಕ್ಯಾಮ್ ಎಂದು ಕರೆಯಲಾಗುವ ಈ ರಾಟೆಗಳು ಹೆದೆ ಪೂರ್ತಿ ಸೆಳೆದ ಹಂತದಲ್ಲಿ ತಿರುಗಿ ಭಾರವನ್ನು ತಾವೇ ಹೊರುತ್ತವೆ. ಸುಮಾರು 32 ಕೆ.ಜಿ. (70 ಪೌಂಡ್) ಸೆಳೆತದ ಬಿಲ್ಲಿನಲ್ಲಿ ಶೇ. 80ರಷ್ಟು ಇಳಿತವಿದ್ದರೆ, ಗುರಿ ಹಿಡಿದು ನಿಂತವನ ಬೆರಳಿಗೆ ಉಳಿಯುವುದು ಆರೂವರೆ ಕೆ.ಜಿ.ಯಷ್ಟು ಮಾತ್ರ. ಹಾಗಿದ್ದರೂ ಮೊದಲಿನ ಪೂರ್ಣ ಭಾರವನ್ನು ಒಮ್ಮೆ ದಾಟಲೇಬೇಕು. ಅದಕ್ಕೆ ಬೇಕಾದ ಭುಜಬಲ ಮತ್ತು ಅಭ್ಯಾಸಗಳಿಗೆ ಬದಲಿ ಇಲ್ಲ.

ಅಡ್ಡಬಿಲ್ಲಿನಲ್ಲಿ ಬಿಲ್ಲನ್ನು ಬಂದೂಕಿನಂತಹ ದಂಡದ ಮೇಲೆ ಅಡ್ಡಲಾಗಿ ಕೂರಿಸಲಾಗಿರುತ್ತದೆ. ಎಳೆದ ಹೆದೆಯನ್ನು ಒಂದು ಕೊಕ್ಕೆ ಹಿಡಿದಿಡುತ್ತದೆ; ಕುದುರೆಯನ್ನು ಒತ್ತಿದಾಗ ಅದು ಬಿಡುಗಡೆಯಾಗುತ್ತದೆ. ಬೇಟೆಗಾರನು ಪ್ರಾಣಿ ಬರುವ ಮುನ್ನವೇ ಹೆದೆಯೇರಿಸಿ ಕುಳಿತಿರಬಹುದು. ಇಂದಿನ ಬೇಟೆಯ ಅಡ್ಡಬಿಲ್ಲುಗಳ ಸೆಳೆತ ಸಾಮಾನ್ಯವಾಗಿ 70ರಿಂದ 90 ಕೆ.ಜಿ.ಯಷ್ಟಿರುತ್ತದೆ. ಈ ಅಂಕಿಯನ್ನು ನೋಡಿ ಅದು ಕಾಂಪೌಂಡ್ ಬಿಲ್ಲಿಗಿಂತ ಎರಡು-ಮೂರು ಪಟ್ಟು ಬಲಶಾಲಿಯೆಂದು ಭಾವಿಸುವುದು ತಪ್ಪು. ಅಡ್ಡಬಿಲ್ಲಿನ ಹೆದೆ ಬಾಣವನ್ನು ತಳ್ಳುವ ದೂರ 25ರಿಂದ 40 ಸೆಂ.ಮೀ. ಮಾತ್ರ, ಕಾಂಪೌಂಡ್ ಬಿಲ್ಲಿನಲ್ಲಿ ಅದು 50 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ಕಡಿಮೆ ದೂರದಲ್ಲಿ ಅಷ್ಟೇ ಕೆಲಸವಾಗಬೇಕಾದರೆ ಬಲ ಹೆಚ್ಚಿರಲೇಬೇಕು.

ಬೇಟೆಗೆ ಬಳಸುವ ಸಾಮಾನ್ಯ ಕಾಂಪೌಂಡ್ ಬಿಲ್ಲಿನಿಂದ ಹೊರಟ 26 ಗ್ರಾಂ ತೂಕದ ಬಾಣ ಸೆಕೆಂಡಿಗೆ 85 ಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 95 ಜೂಲ್. ಅಡ್ಡಬಿಲ್ಲಿನ 27 ಗ್ರಾಂ ಬಾಣ ಸೆಕೆಂಡಿಗೆ 110 ಮೀಟರ್ ವೇಗದಲ್ಲಿದ್ದರೆ ಸುಮಾರು 160 ಜೂಲ್. ಸರಿಯಾದ ಜಾಗಕ್ಕೆ ತಾಗಿದ ಹರಿತವಾದ ಅಲಗಿಗೆ ಜಿಂಕೆಯ ಎದೆಗೂಡನ್ನು ದಾಟಲು ಇವೆರಡೂ ಸಾಕು.

ಗುರಿ, ದೂರ ಮತ್ತು ಸದ್ದು

ಹೆಚ್ಚು ವೇಗವಿರುವುದರಿಂದ ಅಡ್ಡಬಿಲ್ಲಿನಿಂದ ಹೆಚ್ಚು ದೂರದ ಜಿಂಕೆಯನ್ನು ಹೊಡೆಯಬಹುದೆಂಬ ನಂಬಿಕೆ ವ್ಯಾಪಕವಾಗಿದೆ. ಲೆಕ್ಕ ಹಾಕಿ ನೋಡಿದರೆ ಈ ನಂಬಿಕೆ ಅರ್ಧ ಮಾತ್ರ ನಿಜ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಿಡಿದರೂ, 30 ಮೀಟರಿಗೆ ಹೊಂದಿಸಿದ ಗುರಿಯಲ್ಲಿ 40 ಮೀಟರ್ ದೂರದ ಪ್ರಾಣಿಗೆ ಬಾಣ ಬಿಟ್ಟಾಗ ಮೇಲೆ ಹೇಳಿದ ಕಾಂಪೌಂಡ್ ಬಿಲ್ಲಿನ ಬಾಣ ಸುಮಾರು 27 ಸೆಂ.ಮೀ. ಕೆಳಗೆ ಬೀಳುತ್ತದೆ, ಅಡ್ಡಬಿಲ್ಲಿನದು ಸುಮಾರು 16 ಸೆಂ.ಮೀ. ಕೆಳಗೆ. ಅಮೆರಿಕದಲ್ಲಿ ಹೆಚ್ಚಾಗಿ ಬೇಟೆಯಾಡಲಾಗುವ ಬಿಳಿಬಾಲದ ಜಿಂಕೆಯ ಹೃದಯ-ಶ್ವಾಸಕೋಶಗಳ ಭಾಗ ಅಡ್ಡಳತೆಯಲ್ಲಿ 20ರಿಂದ 25 ಸೆಂ.ಮೀ. ಅಂದರೆ ಅದರ ನಡುವಿಗೆ ಗುರಿಯಿಟ್ಟು, ದೂರವನ್ನು ಹತ್ತು ಮೀಟರ್ ತಪ್ಪಾಗಿ ಊಹಿಸಿದವನ ಬಾಣ ಎರಡೂ ಆಯುಧಗಳಲ್ಲಿ ಆ ಭಾಗದ ಹೊರಗೇ ಬೀಳುತ್ತದೆ. ಲೇಸರ್ ದೂರಮಾಪಕವನ್ನು ಬೇಟೆಗಾರರು ಬಿಲ್ಲಿನಷ್ಟೇ ಮುಖ್ಯವೆಂದು ಎಣಿಸುವುದು ಇದೇ ಕಾರಣಕ್ಕೆ.

ದೂರ ಸರಿಯಾಗಿ ತಿಳಿದಿದ್ದರೂ ಇನ್ನೊಂದು ತೊಡಕು ಉಳಿಯುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಯಾವ ಬಾಣವೂ ಅದನ್ನು ಮೀರುವುದಿಲ್ಲ. 40 ಮೀಟರ್ ದೂರದ ಜಿಂಕೆಗೆ ಹೆದೆಯ ಸದ್ದು ಕೇಳಿದ ಮೇಲೆ ಕಾಂಪೌಂಡ್ ಬಿಲ್ಲಿನ ಬಾಣ ತಲುಪಲು ಇನ್ನೂ 0.35 ಸೆಕೆಂಡು ಬೇಕು. ಅಡ್ಡಬಿಲ್ಲಿನ ಬಾಣಕ್ಕೆ 0.25 ಸೆಕೆಂಡು. ಬೆದರಿದ ಜಿಂಕೆ ಮೊದಲು ಜಿಗಿಯುವುದಿಲ್ಲ. ಓಟಕ್ಕೆ ಕಾಲುಗಳನ್ನು ಸಜ್ಜುಗೊಳಿಸಲು ಮೈಯನ್ನು ಕುಗ್ಗಿಸಿ ಕೆಳಕ್ಕಿಳಿಯುತ್ತದೆ. ಸೆಕೆಂಡಿನ ಐದನೇ ಒಂದು ಭಾಗದಲ್ಲಿ ತಡೆಯಿಲ್ಲದೆ ಬೀಳುವ ವಸ್ತು 20 ಸೆಂ.ಮೀ. ಇಳಿಯುತ್ತದೆಂಬುದನ್ನು ನೆನೆದರೆ, ಎದೆಗೆ ಇಟ್ಟ ಗುರಿ ಬೆನ್ನಿನ ಮೇಲೆ ಹಾದುಹೋಗುವುದು ಅಥವಾ ಬೆನ್ನಿನ ಮಾಂಸವನ್ನಷ್ಟೇ ಸೀಳುವುದು ಏಕೆಂದು ತಿಳಿಯುತ್ತದೆ. ಅಡ್ಡಬಿಲ್ಲು ವೇಗದಲ್ಲಿ ಗಳಿಸಿದ ಲಾಭದ ಒಂದಂಶವನ್ನು ಸದ್ದಿನಲ್ಲಿ ಕಳೆದುಕೊಳ್ಳುತ್ತದೆ, ಏಕೆಂದರೆ ಅದರ ಹೊಡೆತದ ಸದ್ದು ಸಾಮಾನ್ಯವಾಗಿ ದೊಡ್ಡದು. ಹೀಗಾಗಿ ಅನುಭವಿಗಳು ಎರಡೂ ಆಯುಧಗಳಿಗೆ 30–40 ಮೀಟರನ್ನೇ ಮಿತಿಯಾಗಿ ಇಟ್ಟುಕೊಳ್ಳುತ್ತಾರೆ.

ಬಾಣವು ಗುಂಡಿನಂತೆ ಆಘಾತದಿಂದ ಕೊಲ್ಲುವುದಿಲ್ಲ. ಅಲಗು ರಕ್ತನಾಳಗಳನ್ನು ಕತ್ತರಿಸಿ ರಕ್ತಸ್ರಾವದಿಂದ ಕೊಲ್ಲುತ್ತದೆ. ಶ್ವಾಸಕೋಶಗಳೆರಡೂ ಕತ್ತರಿಸಿದ ಜಿಂಕೆ ಕೆಲವೇ ಸೆಕೆಂಡುಗಳಲ್ಲಿ ಬೀಳಬಹುದು. ಹೊಟ್ಟೆಗೆ ತಾಗಿದ್ದರೆ ಗಂಟೆಗಟ್ಟಲೆ ನರಳುತ್ತದೆ. ಕೂಡಲೇ ಬೆನ್ನಟ್ಟಿದರೆ ಇನ್ನೂ ದೂರ ಓಡಿ ಕೈಗೆ ಸಿಗದೆ ಸಾಯುತ್ತದೆ. ಆದಕಾರಣ ಎದೆಗೆ ತಾಗಿದ ಲಕ್ಷಣವಿದ್ದರೆ ಅರ್ಧ ಗಂಟೆ, ಹೊಟ್ಟೆಗೆ ತಾಗಿದ ಸಂಶಯವಿದ್ದರೆ ಹಲವು ಗಂಟೆ ಕಾದು ರಕ್ತದ ಜಾಡು ಹಿಡಿಯುವುದು ರೂಢಿ. ಪ್ರಾಣಿ ಪಕ್ಕಕ್ಕೆ ಅಥವಾ ತುಸು ಆಚೆಗೆ ತಿರುಗಿ ನಿಂತಾಗ ಮಾತ್ರ ಬಾಣ ಬಿಡಬೇಕೆಂಬುದೂ, ಕಂಡದ್ದು ಏನೆಂದು ಖಚಿತವಾಗದೆ ಬಿಡಬಾರದೆಂಬುದೂ ಬೇಟೆ ಶಿಕ್ಷಣದ ಮೊದಲ ಪಾಠಗಳು. ಸದ್ದನ್ನೇ ನಂಬಿ ಬಾಣ ಬಿಟ್ಟ ದಶರಥನ ಕಥೆ ಕನ್ನಡದ ಓದುಗರಿಗೆ ಹೊಸದಲ್ಲ.

ಆಯ್ಕೆ

ಮೇಲಿನ ಮಿತಿ ಎರಡಕ್ಕೂ ಸಮಾನವಾದ್ದರಿಂದ ನಿಜವಾದ ವ್ಯತ್ಯಾಸವಿರುವುದು ಹೊಡೆತಕ್ಕೆ ಮುಂಚಿನ ಕ್ಷಣಗಳಲ್ಲಿ. ಕಾಂಪೌಂಡ್ ಬಿಲ್ಲಿನವನು ಜಿಂಕೆ ಎದುರಿಗಿರುವಾಗಲೇ ಕೈ ಎತ್ತಿ ಹೆದೆ ಸೆಳೆಯಬೇಕು. ಆ ಚಲನೆಯನ್ನು ಕಂಡು ಜಿಂಕೆ ಓಡಿಹೋಗುವುದು ಸಾಮಾನ್ಯ. ಸೆಳೆದ ಮೇಲೆ ಅದು ಮರದ ಮರೆಯಲ್ಲಿ ನಿಂತುಬಿಟ್ಟರೆ ಒಂದೆರಡು ನಿಮಿಷದಲ್ಲಿ ತೋಳು ನಡುಗತೊಡಗುತ್ತದೆ. ಅಡ್ಡಬಿಲ್ಲಿಗೆ ಈ ಎರಡೂ ಕಷ್ಟಗಳಿಲ್ಲ. ಅದನ್ನು ಆಸರೆಯ ಮೇಲಿಟ್ಟು ದೂರದರ್ಶಕ ಗಾಜಿನ ಮೂಲಕ ಗುರಿ ಹಿಡಿಯಬಹುದು. ಭುಜದ ನೋವಿರುವವರು, ವಯಸ್ಸಾದವರು, ಅಂಗವಿಕಲರು ಮತ್ತು ಅಭ್ಯಾಸಕ್ಕೆ ಹೆಚ್ಚು ಸಮಯ ಸಿಗದವರು ಅದನ್ನು ಆರಿಸುತ್ತಾರೆ. ಅವರ ಕೈಯಲ್ಲಿ ಪ್ರಾಣಿ ಗಾಯಗೊಂಡು ತಪ್ಪಿಸಿಕೊಳ್ಳುವ ಸಂಭವವನ್ನು ಅದು ನಿಜಕ್ಕೂ ತಗ್ಗಿಸಬಲ್ಲದು. ಹಗ್ಗದ ಏರಿಕೆ ಸಾಧನವು ಹೆದೆಯೇರಿಸುವ ಭಾರವನ್ನು ಅರ್ಧಕ್ಕಿಳಿಸುತ್ತದೆ; ತಿರುಗಿಸುವ ಹಿಡಿಯ ಸಾಧನವಾದರೆ ಇನ್ನೂ ಹಗುರ.

ಅದಕ್ಕೆ ಪ್ರತಿಯಾಗಿ ಅಡ್ಡಬಿಲ್ಲು ಭಾರವಾದದ್ದು, ಮುಂಭಾಗ ತೂಗುವಂಥದ್ದು. ಮೊದಲ ಬಾಣ ತಪ್ಪಿದರೆ ಎರಡನೆಯದಕ್ಕೆ ಅವಕಾಶ ವಿರಳ. ಕಾಡಿನಲ್ಲಿ ನಡೆದಾಡುತ್ತ ಬೇಟೆಯಾಡುವವರಿಗೆ ಎರಡು ಕೆ.ಜಿ. ಸುಮಾರಿನ ಕಾಂಪೌಂಡ್ ಬಿಲ್ಲೇ ಅನುಕೂಲ. ಅಪಾಯದ ದೃಷ್ಟಿಯಿಂದಲೂ ಅಡ್ಡಬಿಲ್ಲು ಹೆಚ್ಚು ಎಚ್ಚರ ಬೇಡುತ್ತದೆ: ಹೆದೆ ಸಾಗುವ ದಾರಿಗಿಂತ ಮೇಲೆ ಹೆಬ್ಬೆರಳು ಚಾಚಿದ್ದರೆ ಅದು ತುಂಡಾಗಬಹುದು. ಏರಿಸಿದ ಹೆದೆಯನ್ನು ಬಹುತೇಕ ಮಾದರಿಗಳಲ್ಲಿ ಕೈಯಿಂದ ಇಳಿಸಲಾಗುವುದಿಲ್ಲ. ದಿನದ ಕೊನೆಗೆ ಒಂದು ಬಾಣವನ್ನು ನೆಲಕ್ಕೋ ಗುರಿಹಲಗೆಗೋ ಹೊಡೆದು ಖಾಲಿ ಮಾಡಬೇಕಾಗುತ್ತದೆ. ಬಾಣವಿಲ್ಲದೆ ಹೆದೆ ಬಿಟ್ಟರೆ ಎರಡೂ ಬಗೆಯ ಬಿಲ್ಲುಗಳು ಸಿಡಿದು ಹಾಳಾಗಬಹುದು.

ಕಾನೂನು

ಅಮೆರಿಕದಲ್ಲಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಒಹಾಯೋ, ಅರ್ಕಾನ್ಸಾ ರಾಜ್ಯಗಳು 1970ರ ದಶಕದಲ್ಲೇ ಜಿಂಕೆ ಬೇಟೆಗೆ ಅಡ್ಡಬಿಲ್ಲನ್ನು ಒಪ್ಪಿದವು. ಆರೆಗನ್ ಅದನ್ನು ಬೇಟೆಗೆ ನಿಷೇಧಿಸಿದೆ. ಇನ್ನು ಕೆಲವೆಡೆ ಬಿಲ್ಲುಬೇಟೆಯ ಋತುವಿನಲ್ಲಿ ಅಂಗವಿಕಲರಿಗೆ ಮಾತ್ರ ಅನುಮತಿಯಿದೆ. ಅಡ್ಡಬಿಲ್ಲನ್ನು ಬಿಲ್ಲೆಂದು ಎಣಿಸಬೇಕೇ ಎಂಬ ವಾದ ಅಲ್ಲಿಯ ಬೇಟೆಗಾರರ ಸಂಘಗಳಲ್ಲಿ ಬಹುಕಾಲ ಕಾವೇರಿದ ವಾದ. ಬ್ರಿಟನ್ನಿನಲ್ಲಿ ಎರಡರಿಂದಲೂ ಜಿಂಕೆ ಬೇಟೆಯಾಡುವಂತಿಲ್ಲ. ಜರ್ಮನಿಯ ಬೇಟೆ ಕಾನೂನು ಗೊರಸುಳ್ಳ ಬೇಟೆಪ್ರಾಣಿಗಳ ಮೇಲೆ ಬಾಣ ಬಿಡುವುದನ್ನು ನಿಷೇಧಿಸುತ್ತದೆ.

ಭಾರತದ 1972ರ ಕಾಯ್ದೆಯ 9ನೆಯ ಪ್ರಕರಣವು ಅನುಸೂಚಿಗಳಲ್ಲಿ ಹೆಸರಿಸಿದ ಕಾಡುಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. ‘ಬೇಟೆ’ ಎಂಬುದರ ವ್ಯಾಖ್ಯೆಯಲ್ಲಿ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಉರುಳಿಗೆ ಸಿಲುಕಿಸುವುದು, ಗಾಯಗೊಳಿಸುವುದು ಮತ್ತು ಇವುಗಳ ಪ್ರಯತ್ನವೂ ಸೇರುತ್ತವೆ. ‘ಆಯುಧ’ದ ವ್ಯಾಖ್ಯೆಯಲ್ಲಿ ಬಿಲ್ಲು-ಬಾಣಗಳ ಹೆಸರು ಸ್ಪಷ್ಟವಾಗಿಯೇ ಇದೆ, ಪ್ರಾಣಿಯನ್ನು ಗಾಯಗೊಳಿಸಬಲ್ಲ ಅಥವಾ ಕೊಲ್ಲಬಲ್ಲ ಯಾವುದೇ ಸಾಧನವೂ ಅದರೊಳಗೆ ಬರುವುದರಿಂದ ಅಡ್ಡಬಿಲ್ಲು ಹೊರಗುಳಿಯುವುದಿಲ್ಲ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮೊದಲನೆಯ ಅನುಸೂಚಿಯ ಪ್ರಾಣಿಯಾಗಿದ್ದರೆ ಅಥವಾ ಬೇಟೆ ಅಭಯಾರಣ್ಯದೊಳಗೆ ನಡೆದಿದ್ದರೆ ಸೆರೆವಾಸ ಮೂರರಿಂದ ಏಳು ವರ್ಷ, ದಂಡ ಕನಿಷ್ಠ 25,000 ರೂಪಾಯಿ.

ಕನ್ನಡದ ‘ಜಿಂಕೆ’ ಎಂಬ ಮಾತು ಸಡಿಲವಾದದ್ದು. ಸಾರಂಗ, ಕಡವೆ, ಕಾಡುಕುರಿಗಳು ವರ್ಷವರ್ಷ ಕೊಂಬು ಉದುರಿಸುವ ನಿಜವಾದ ಜಿಂಕೆಗಳು. ಬಯಲುಸೀಮೆಯ ಜನ ಜಿಂಕೆಯೆಂದೇ ಕರೆಯುವ ಕೃಷ್ಣಮೃಗವು ಕೊಂಬು ಉದುರಿಸದ, ಬೇರೆ ಕುಟುಂಬದ ಪ್ರಾಣಿ. ಅದು ಮೊದಲನೆಯ ಅನುಸೂಚಿಯಲ್ಲಿದ್ದು, ಅದರ ಬೇಟೆಗೆ ಹೆಚ್ಚಿನ ಶಿಕ್ಷೆಯಿದೆ. ಹೊಲಕ್ಕೆ ನುಗ್ಗುವ ಪ್ರಾಣಿಯನ್ನು ಕೂಡ ರೈತನು ತಾನಾಗಿಯೇ ಕೊಲ್ಲುವಂತಿಲ್ಲ. ಬೆಳೆಹಾನಿಗೆ ಪರಿಹಾರ ಕೋರಿ ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸಬೇಕಾಗುತ್ತದೆ.

ಕ್ರೀಡೆಯಲ್ಲಿ

ಭಾರತದಲ್ಲಿ ಕಾಂಪೌಂಡ್ ಬಿಲ್ಲಿನ ಕಾನೂನುಬದ್ಧ ನೆಲೆ ಗುರಿಹಲಗೆಯ ಮೈದಾನ. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರ ತಂಡ ಈ ವಿಭಾಗದಲ್ಲಿ ಚಿನ್ನ ಗೆದ್ದಿತು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಕೂಟದಲ್ಲಿ ಕಾಂಪೌಂಡ್ ವಿಭಾಗದ ಐದೂ ಚಿನ್ನದ ಪದಕಗಳು ಭಾರತಕ್ಕೆ ಬಂದವು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯನ್ನು ಸೇರಿಸಲಾಗಿದೆ. ಅಡ್ಡಬಿಲ್ಲಿಗೆ ಒಲಿಂಪಿಕ್ಸ್‌ನಲ್ಲಿ ಸ್ಥಾನವಿಲ್ಲ.