ಜಿ. ಅಲನ್ ಮಾರ್ಲಾಟ್

ಗಾರ್ಡನ್ ಅಲನ್ ಮಾರ್ಲಾಟ್ (ನವೆಂಬರ್ ೨೬, ೧೯೪೧ – ಮಾರ್ಚ್ ೧೪, ೨೦೧೧) ಕೆನಡಾದಲ್ಲಿ ಜನಿಸಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕೆಲಸ ಮಾಡಿದ ಚಿಕಿತ್ಸಾ ಮನೋವಿಜ್ಞಾನಿ. ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನ, ಬಿಟ್ಟ ಚಟ ಮರುಕಳಿಸುವ ಬಗೆ ಹಾಗೂ ಚಿಕಿತ್ಸೆಯ ಹೊಸ್ತಿಲನ್ನೇ ದಾಟಲಾಗದವರ ಸಮಸ್ಯೆ ಇವರ ಸಂಶೋಧನೆಯ ಮುಖ್ಯ ವಿಷಯಗಳು. 'ಮರುಕಳಿಕೆ ತಡೆ' ಎಂಬ ಚಿಕಿತ್ಸಾ ವಿಧಾನವನ್ನು ರೂಪಿಸಿದವರೆಂದೂ 'ಹಾನಿ ತಗ್ಗಿಸುವಿಕೆ' ಎಂಬ ಧೋರಣೆಯನ್ನು ಅಮೆರಿಕದ ಮನೋವಿಜ್ಞಾನ ವಲಯದಲ್ಲಿ ಪ್ರಬಲವಾಗಿ ಪ್ರತಿಪಾದಿಸಿದವರೆಂದೂ ಹೆಸರಾಗಿದ್ದಾರೆ. ಕುಡಿತವನ್ನು ಸಂಪೂರ್ಣವಾಗಿ ಬಿಡುವುದು ಚಿಕಿತ್ಸೆಯ ಗುರಿಯಾಗಬಹುದು, ಆದರೆ ಚಿಕಿತ್ಸೆ ಪಡೆಯಲು ಅದು ಪೂರ್ವಷರತ್ತಾಗಬಾರದು ಎಂಬುದು ಇವರ ನಿಲುವಾಗಿತ್ತು.

ಜೀವನ

ಮಾರ್ಲಾಟ್ ಅವರು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವ್ಯಾಂಕೂವರ್ ನಗರದಲ್ಲಿ ಜನಿಸಿದರು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ೧೯೬೪ರಲ್ಲಿ ಪದವಿ ಪಡೆದು, ೧೯೬೮ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಚಿಕಿತ್ಸಾ ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಗಳಿಸಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಬೋಧಿಸಿದ ನಂತರ ೧೯೭೨ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು ಸೇರಿ, ಕೊನೆಯವರೆಗೂ ಅಲ್ಲಿಯೇ ಉಳಿದರು. ಅಲ್ಲಿನ ವ್ಯಸನಕಾರಿ ವರ್ತನೆಗಳ ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದರು.

ವೋಡ್ಕಾ ಮತ್ತು ಟಾನಿಕ್ ನೀರಿನ ಪ್ರಯೋಗ

ಮದ್ಯವ್ಯಸನಿಯ ದೇಹಕ್ಕೆ ಒಂದು ಗುಟುಕು ಮದ್ಯ ಸೇರಿದರೂ ಆತ ತನ್ನ ಮೇಲಿನ ಹಿಡಿತವನ್ನು ಕಳೆದುಕೊಂಡು ಕುಡಿಯುತ್ತಲೇ ಹೋಗುತ್ತಾನೆ ಎಂಬ 'ನಿಯಂತ್ರಣನಾಶ'ದ ಕಲ್ಪನೆ ಆ ಕಾಲದ ಚಿಕಿತ್ಸೆಗೆ ಆಧಾರವಾಗಿತ್ತು. ಇ. ಎಂ. ಜೆಲಿನೆಕ್ ಅವರು ೧೯೬೦ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಕಲ್ಪನೆಗೆ ಶಾಸ್ತ್ರೀಯ ಮನ್ನಣೆ ದೊರೆತಿತ್ತು. ಇದು ನಿಜವೇ ಎಂದು ಪರೀಕ್ಷಿಸಲು ಮಾರ್ಲಾಟ್ ಮತ್ತು ಸಹೋದ್ಯೋಗಿಗಳು ನಡೆಸಿದ ಪ್ರಯೋಗ ೧೯೭೩ರಲ್ಲಿ ಪ್ರಕಟವಾಯಿತು.

ಪ್ರಯೋಗದಲ್ಲಿ ೩೨ ಮದ್ಯವ್ಯಸನಿಗಳೂ ೩೨ ಸಾಮಾನ್ಯ ಪಾನಿಗಳೂ ಭಾಗವಹಿಸಿದ್ದರು. ಪಾನೀಯಗಳ ರುಚಿಯನ್ನು ಹೋಲಿಸಿ ಹೇಳಬೇಕೆಂದು ಅವರಿಗೆ ತಿಳಿಸಲಾಗಿತ್ತು. ಎಷ್ಟು ಕುಡಿದರು ಎಂಬುದನ್ನು ಅಳೆಯುವುದೇ ಸಂಶೋಧಕರ ನಿಜವಾದ ಉದ್ದೇಶ. ಐದು ಪಾಲು ಟಾನಿಕ್ ನೀರಿಗೆ ಒಂದು ಪಾಲು ವೋಡ್ಕಾ ಬೆರೆಸಿದರೆ, ಅದರಲ್ಲಿ ಮದ್ಯವಿದೆಯೇ ಇಲ್ಲವೇ ಎಂಬುದನ್ನು ನಾಲಿಗೆಯಿಂದ ಗುರುತಿಸುವುದು ಕಷ್ಟ. ಹೀಗಾಗಿ ಕೆಲವರಿಗೆ ವೋಡ್ಕಾ ಎಂದು ಹೇಳಿ ಬರಿಯ ಟಾನಿಕ್ ನೀರನ್ನೂ, ಕೆಲವರಿಗೆ ಟಾನಿಕ್ ನೀರೆಂದು ಹೇಳಿ ವೋಡ್ಕಾ ಬೆರೆಸಿದ್ದನ್ನೂ ಕೊಡಲು ಸಾಧ್ಯವಾಯಿತು. ಉಳಿದ ಎರಡು ಗುಂಪುಗಳಿಗೆ ಹೇಳಿದ್ದನ್ನೇ ಕೊಡಲಾಯಿತು. ವೋಡ್ಕಾ ಕುಡಿಯುತ್ತಿದ್ದೇವೆ ಎಂದು ನಂಬಿದವರು, ಲೋಟದಲ್ಲಿ ನಿಜವಾಗಿ ಏನಿದ್ದರೂ, ಹೆಚ್ಚು ಕುಡಿದರು. ನಂಬಿಕೆ ಇಲ್ಲದೆಡೆ ಮದ್ಯವೊಂದೇ ಅವರನ್ನು ಹೆಚ್ಚು ಕುಡಿಯುವಂತೆ ಮಾಡಲಿಲ್ಲ. ವ್ಯಸನಿಗಳಲ್ಲಿಯೂ ಇದೇ ಫಲಿತಾಂಶ ಕಂಡುಬಂದಿತು.

ವ್ಯಸನವೆಂಬುದೇ ಇಲ್ಲವೆಂದು ಇದರಿಂದ ತೀರ್ಮಾನಿಸುವಂತಿಲ್ಲ. ಪ್ರಯೋಗಶಾಲೆಯಲ್ಲಿ ಅಲ್ಪಾವಧಿಯಲ್ಲಿ, ಅಲ್ಪ ಪ್ರಮಾಣದ ಮದ್ಯದಿಂದ ದೊರೆತ ಫಲಿತಾಂಶವಿದು. ಆದರೂ ಕುಡಿತದಲ್ಲಿ ರಾಸಾಯನಿಕದಷ್ಟೇ ನಿರೀಕ್ಷೆಯೂ ಕೆಲಸ ಮಾಡುತ್ತದೆ ಎಂಬುದನ್ನು ಕಡೆಗಣಿಸುವುದು ಆಮೇಲೆ ಸಾಧ್ಯವಾಗಲಿಲ್ಲ. ಮಾರ್ಲಾಟ್ ಮುಂದೆ ವಿಶ್ವವಿದ್ಯಾಲಯದಲ್ಲಿ ಮದ್ಯದಂಗಡಿಯನ್ನೇ ಹೋಲುವ ಒಂದು ಪ್ರಯೋಗಶಾಲೆಯನ್ನು ಸಜ್ಜುಗೊಳಿಸಿ ಇಂತಹ ಅಧ್ಯಯನಗಳನ್ನು ಮುಂದುವರಿಸಿದರು.

ಮರುಕಳಿಕೆ ತಡೆ

ಚಿಕಿತ್ಸೆ ಮುಗಿಸಿದವರು ಮತ್ತೆ ಮೊದಲ ಬಾರಿ ಕುಡಿದದ್ದು ಎಲ್ಲಿ, ಯಾರೊಡನೆ, ಯಾವ ಮನಃಸ್ಥಿತಿಯಲ್ಲಿ ಎಂದು ಮಾರ್ಲಾಟ್ ವಿಚಾರಿಸತೊಡಗಿದರು. ೧೯೮೦ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಮದ್ಯ, ಧೂಮಪಾನ, ಹೆರಾಯಿನ್, ಜೂಜು ಮತ್ತು ಅತಿಯಾದ ಆಹಾರ ಸೇವನೆಗೆ ಸಂಬಂಧಿಸಿದ ೩೧೧ ಮರುಕಳಿಕೆಯ ಪ್ರಸಂಗಗಳಿದ್ದವು. ಖಿನ್ನತೆ, ಬೇಸರ, ಆತಂಕದಂತಹ ನಕಾರಾತ್ಮಕ ಭಾವಗಳು ಶೇ. ೩೫, ಇತರರ ಒತ್ತಾಯ ಶೇ. ೨೦ ಹಾಗೂ ಜಗಳ-ಮನಸ್ತಾಪಗಳು ಶೇ. ೧೬ರಷ್ಟು ಪ್ರಸಂಗಗಳಿಗೆ ಕಾರಣವಾಗಿದ್ದವು.

ಇದರ ಆಧಾರದ ಮೇಲೆ ಅವರು ಒಂದು ತಪ್ಪುಹೆಜ್ಜೆಗೂ ಪೂರ್ಣ ಮರುಕಳಿಕೆಗೂ ಇರುವ ಅಂತರವನ್ನು ಎತ್ತಿ ತೋರಿಸಿದರು. ತಿಂಗಳುಗಟ್ಟಲೆ ಬಿಟ್ಟಿದ್ದವನು ಒಂದು ಮದುವೆಯಲ್ಲಿ ಒಂದು ಲೋಟ ಕುಡಿದನೆನ್ನೋಣ. 'ನನ್ನಿಂದ ಇದು ಆಗದು, ಎಲ್ಲ ಕೆಟ್ಟಿತು' ಎಂಬ ಪಶ್ಚಾತ್ತಾಪವೇ ಅವನನ್ನು ಎರಡನೆಯ, ಮೂರನೆಯ ಲೋಟದತ್ತ ತಳ್ಳುತ್ತದೆ. ಇದನ್ನು ಮಾರ್ಲಾಟ್ 'ವ್ರತಭಂಗ ಪರಿಣಾಮ' ಎನ್ನಬಹುದಾದ ಅರ್ಥದ ಪದದಿಂದ ಕರೆದರು. ಒಂದು ಹನಿಯೂ ಸಲ್ಲದೆಂಬ ಕಟ್ಟುನಿಟ್ಟು ಕೆಲವೊಮ್ಮೆ ತಾನು ತಡೆಯಬೇಕಾದುದನ್ನೇ ಉಂಟುಮಾಡಬಲ್ಲದು ಎಂಬುದು ಇದರ ಇಂಗಿತ. ಜೂಡಿತ್ ಗಾರ್ಡನ್ ಅವರೊಡನೆ ೧೯೮೫ರಲ್ಲಿ ಸಂಪಾದಿಸಿದ 'ಮರುಕಳಿಕೆ ತಡೆ' ಕುರಿತ ಗ್ರಂಥವು ಅಪಾಯಕರ ಸಂದರ್ಭಗಳನ್ನು ಮುಂಚಿತವಾಗಿ ಗುರುತಿಸಿ ಎದುರಿಸುವ ತರಬೇತಿಯನ್ನು ವಿವರಿಸುತ್ತದೆ.

೧೯೯೬ರಲ್ಲಿ ಪ್ರಕಟವಾದ ಬಹುಕೇಂದ್ರ ಅಧ್ಯಯನವೊಂದು ಮೇಲಿನ ವರ್ಗೀಕರಣದ ವಿಶ್ವಾಸಾರ್ಹತೆಯನ್ನೂ ಮುನ್ಸೂಚಕ ಶಕ್ತಿಯನ್ನೂ ಪ್ರಶ್ನಿಸಿತು. ಮಾರ್ಲಾಟ್ ಈ ಟೀಕೆಯನ್ನು ತಳ್ಳಿಹಾಕದೆ, ೨೦೦೪ರಲ್ಲಿ ಕೇಟಿ ವಿಟ್ಕಿವಿಟ್ಜ್ ಅವರೊಡನೆ ತಮ್ಮ ಮಾದರಿಯನ್ನು ಪರಿಷ್ಕರಿಸಿದರು.

ಹಾನಿ ತಗ್ಗಿಸುವಿಕೆ ಮತ್ತು ಚಿಕಿತ್ಸೆಯ ಲಭ್ಯತೆ

ನೆದರ್ಲೆಂಡ್ಸ್‌ನಲ್ಲಿ ಮಾದಕ ವಸ್ತು ಬಳಸುವವರೇ ಸಂಘಟಿತರಾಗಿ ತಮ್ಮ ಆರೋಗ್ಯದ ಹಕ್ಕುಗಳನ್ನು ಕೇಳಿದ್ದರು. ೧೯೮೪ರಲ್ಲಿ ಆಂಸ್ಟರ್‌ಡ್ಯಾಂನಲ್ಲಿ ಬಳಸಿದ ಸೂಜಿಗಳಿಗೆ ಬದಲಾಗಿ ಹೊಸ ಸೂಜಿ ನೀಡುವ ವ್ಯವಸ್ಥೆ ಆರಂಭವಾಗಿತ್ತು. ಈ ಅನುಭವಗಳನ್ನು ಮಾರ್ಲಾಟ್ ಅಮೆರಿಕದ ಓದುಗರ ಮುಂದಿಟ್ಟರು. 'ಇದ್ದಂತೆಯೇ ಬನ್ನಿ' ಎಂಬ ಅರ್ಥದ ಶೀರ್ಷಿಕೆಯುಳ್ಳ ಅವರ ೧೯೯೬ರ ಲೇಖನವೂ ೧೯೯೮ರ ಗ್ರಂಥವೂ ಈ ಧೋರಣೆಯ ಮುಖ್ಯ ನಿರೂಪಣೆಗಳು. ವ್ಯಸನವನ್ನು ಪಾಪವೆಂದೋ ಬರಿಯ ರೋಗವೆಂದೋ ನೋಡದೆ ಸಾರ್ವಜನಿಕ ಆರೋಗ್ಯದ ಪ್ರಶ್ನೆಯಾಗಿ ನೋಡಬೇಕು. ವರ್ಜನೆಯನ್ನು ಆದರ್ಶವೆಂದು ಒಪ್ಪಿದರೂ ಹಾನಿಯನ್ನು ಕಡಿಮೆ ಮಾಡುವ ಪ್ರತಿಯೊಂದು ಹೆಜ್ಜೆಯನ್ನೂ ಮನ್ನಿಸಬೇಕು. ಚಿಕಿತ್ಸಾಲಯದ ಹೊಸ್ತಿಲು ತಗ್ಗಾಗಿರಬೇಕು. ಚಿಕಿತ್ಸೆಯ ಅಗತ್ಯವಿರುವ ಬಹುಪಾಲು ಜನರು ಅದರ ಬಳಿಗೇ ಬರುವುದಿಲ್ಲವೆಂಬ ಸಂಗತಿ ಈ ವಾದದ ಹಿಂದಿತ್ತು.

ವಿದ್ಯಾರ್ಥಿಗಳಿಗಾಗಿ ಇವರ ತಂಡ ರೂಪಿಸಿದ 'ಬೇಸಿಕ್ಸ್' ಎಂಬ ಸಂಕ್ಷಿಪ್ತ ಆಪ್ತಸಮಾಲೋಚನೆ ಇದೇ ದಾರಿಯದು. ಕುಡಿಯಬೇಡಿ ಎಂದು ಉಪದೇಶಿಸದೆ, ವಿದ್ಯಾರ್ಥಿಯ ಕುಡಿತದ ಪ್ರಮಾಣವನ್ನೂ ಪರಿಣಾಮವನ್ನೂ ಅವನ ಮುಂದಿಟ್ಟು ತೀರ್ಮಾನವನ್ನು ಅವನಿಗೇ ಬಿಡಲಾಗುತ್ತದೆ. ಎರಡು ವರ್ಷಗಳ ಅನುಸರಣೆಯಲ್ಲಿ ಇದರಿಂದ ಕುಡಿತದ ದುಷ್ಪರಿಣಾಮಗಳು ತಗ್ಗಿದ್ದನ್ನು ೧೯೯೮ರಲ್ಲಿ ವರದಿ ಮಾಡಲಾಯಿತು.

ಹೆಚ್ಚು ವಿವಾದಕ್ಕೆ ಒಳಗಾದದ್ದು ಸಿಯಾಟಲ್‌ನ '೧೮೧೧ ಈಸ್ಟ್‌ಲೇಕ್' ವಸತಿಗೃಹದ ಅಧ್ಯಯನ. ೨೦೦೫ರ ಕೊನೆಯಲ್ಲಿ ತೆರೆದ ಈ ಕಟ್ಟಡದಲ್ಲಿ ತೀವ್ರ ಮದ್ಯವ್ಯಸನಿಗಳಾದ ೭೫ ನಿರ್ವಸಿತರಿಗೆ ಸ್ಥಳವಿತ್ತು. ಕುಡಿತ ಬಿಡಬೇಕೆಂಬ ಷರತ್ತಿರಲಿಲ್ಲ, ಕೋಣೆಯಲ್ಲಿ ಕುಡಿಯಲು ಅನುಮತಿಯಿತ್ತು, ಚಿಕಿತ್ಸೆ ಅವರವರ ಇಚ್ಛೆಗೆ ಬಿಟ್ಟದ್ದಾಗಿತ್ತು. ತೆರಿಗೆಯ ಹಣದಿಂದ ಕುಡುಕರಿಗೆ ಮನೆ ಕಟ್ಟಲಾಗಿದೆ ಎಂಬ ಮೂದಲಿಕೆ ಸಹಜವಾಗಿಯೇ ಬಂದಿತು. ಮೇರಿ ಲಾರಿಮರ್ ಮೊದಲ ಲೇಖಕಿಯಾಗಿ, ಮಾರ್ಲಾಟ್ ಸಹಲೇಖಕರಾಗಿ ೨೦೦೯ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ಪ್ರಕಟವಾದ ವರದಿಯು ವಸತಿ ಪಡೆದ ೯೫ ಮಂದಿಯನ್ನು ಕಾಯುವ ಪಟ್ಟಿಯಲ್ಲಿದ್ದ ೩೯ ಮಂದಿಯೊಡನೆ ಹೋಲಿಸಿತು. ಜೈಲು, ಆಸ್ಪತ್ರೆ, ತುರ್ತು ಸೇವೆ ಮುಂತಾದವುಗಳಿಗೆ ತಲಾ ತಿಂಗಳಿಗೆ ೪,೦೬೬ ಡಾಲರ್ ಇದ್ದ ಮಧ್ಯಮಾಂಕ ವೆಚ್ಚವು ವಸತಿ ಪಡೆದವರಲ್ಲಿ ಆರು ತಿಂಗಳ ನಂತರ ೧,೪೯೨ಕ್ಕೂ, ಒಂದು ವರ್ಷದ ನಂತರ ೯೫೮ಕ್ಕೂ ಇಳಿದಿತ್ತು. ಯಾರೂ ಒತ್ತಾಯಿಸದಿದ್ದರೂ ನಿವಾಸಿಗಳ ಕುಡಿತವೂ ಕಡಿಮೆಯಾಗಿತ್ತು. ಎರಡು ವರ್ಷಗಳ ಅವಧಿಯಲ್ಲಿ ಈ ಇಳಿಕೆ ಮುಂದುವರಿದುದನ್ನು ೨೦೧೨ರ ಲೇಖನ ತಿಳಿಸುತ್ತದೆ. ಭಾಗಿಗಳನ್ನು ಯಾದೃಚ್ಛಿಕವಾಗಿ ಹಂಚಿರಲಿಲ್ಲವೆಂಬುದು ಅಧ್ಯಯನದ ಮಿತಿ.

ವಿಪಶ್ಯನ ಧ್ಯಾನ

೧೯೭೦ರ ದಶಕದಿಂದಲೂ ಮಾರ್ಲಾಟ್ ಅವರಿಗೆ ಧ್ಯಾನದಲ್ಲಿ ಆಸಕ್ತಿಯಿತ್ತು. ಕುಡಿಯುವ ತುಡಿತವು ಅಲೆಯಂತೆ ಏರಿ ತಾನಾಗಿಯೇ ಇಳಿಯುತ್ತದೆ, ಅದರೊಡನೆ ಹೋರಾಡದೆ ಅದರ ಮೇಲೆ ತೇಲಬೇಕು ಎಂಬ ಅಭ್ಯಾಸವನ್ನು ಅವರು ಚಿಕಿತ್ಸೆಯಲ್ಲಿ ಬಳಸಿದರು. ಎಸ್. ಎನ್. ಗೋಯೆಂಕಾ ಅವರ ಪರಂಪರೆಯ ಹತ್ತು ದಿನಗಳ ವಿಪಶ್ಯನ ಶಿಬಿರಗಳು ಭಾರತದಲ್ಲಿ, ವಿಶೇಷವಾಗಿ ೧೯೯೪ರಲ್ಲಿ ತಿಹಾರ್ ಕಾರಾಗೃಹದಲ್ಲಿ, ಕೈದಿಗಳಿಗಾಗಿ ನಡೆದಿದ್ದವು. ಸಿಯಾಟಲ್ ಸಮೀಪದ ಕಾರಾಗೃಹವೊಂದರಲ್ಲಿ ಇಂತಹ ಶಿಬಿರಗಳು ನಡೆದಾಗ ಮಾರ್ಲಾಟ್ ಅವರ ತಂಡ ಅವುಗಳನ್ನು ಅಧ್ಯಯನ ಮಾಡಿತು. ಬಿಡುಗಡೆಯ ಮೂರು ತಿಂಗಳ ನಂತರ, ಶಿಬಿರದಲ್ಲಿ ಭಾಗವಹಿಸಿದವರಲ್ಲಿ ಮದ್ಯ, ಗಾಂಜಾ ಮತ್ತು ಕ್ರ್ಯಾಕ್ ಕೊಕೇನ್ ಬಳಕೆ ಇತರರಿಗಿಂತ ಕಡಿಮೆಯಿತ್ತೆಂದು ೨೦೦೬ರಲ್ಲಿ ಸಾರಾ ಬೋವನ್ ಮತ್ತಿತರರು ವರದಿ ಮಾಡಿದರು. ಶಿಬಿರ ಸೇರಿದವರು ಸ್ವಇಚ್ಛೆಯಿಂದ ಬಂದವರಾದ್ದರಿಂದ ಈ ಫಲಿತಾಂಶವನ್ನು ಎಚ್ಚರಿಕೆಯಿಂದ ಓದಬೇಕಾಗುತ್ತದೆ. ಇದರಿಂದ ಬೆಳೆದ ಎಂಟು ವಾರಗಳ ಧ್ಯಾನಾಧಾರಿತ ಮರುಕಳಿಕೆ ತಡೆ ಕಾರ್ಯಕ್ರಮವನ್ನು ೨೮೬ ಮಂದಿಯ ಯಾದೃಚ್ಛಿಕ ಪ್ರಯೋಗದಲ್ಲಿ ಪರೀಕ್ಷಿಸಿದ ವರದಿ ೨೦೧೪ರಲ್ಲಿ, ಅವರ ಮರಣಾನಂತರ ಪ್ರಕಟವಾಯಿತು.

ವಿವಾದ ಮತ್ತು ಮನ್ನಣೆ

ಮದ್ಯವ್ಯಸನಿಗಳಿಗೆ ಮಿತಪಾನವನ್ನು ಕಲಿಸಬಹುದೆಂಬ ಮಾರ್ಕ್ ಮತ್ತು ಲಿಂಡಾ ಸೋಬೆಲ್ ದಂಪತಿಗಳ ಸಂಶೋಧನೆಯ ವಿರುದ್ಧ ೧೯೮೨ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೀವ್ರ ಟೀಕೆ ಪ್ರಕಟವಾದಾಗ ಮಾರ್ಲಾಟ್ ಮರುವರ್ಷ ಅವರ ಪರವಾಗಿ ಬರೆದರು. ಹಾನಿ ತಗ್ಗಿಸುವಿಕೆಯು ವ್ಯಸನಿಗೆ ಕುಡಿತ ಮುಂದುವರಿಸಲು ನೆಪ ಒದಗಿಸುತ್ತದೆ ಎಂಬ ಆಕ್ಷೇಪವನ್ನು ಇವರೂ ಎದುರಿಸಬೇಕಾಯಿತು. ೧೯೯೦ರಲ್ಲಿ ಇವರಿಗೆ ಮದ್ಯಸಂಬಂಧಿ ಸಂಶೋಧನೆಗಾಗಿ ಜೆಲಿನೆಕ್ ಸ್ಮಾರಕ ಪ್ರಶಸ್ತಿ ದೊರೆಯಿತು. ಜೆಲಿನೆಕ್ ಅವರ ಸಿದ್ಧಾಂತವನ್ನೇ ಪರೀಕ್ಷೆಗೆ ಒಡ್ಡಿದವರಿಗೆ ಅವರದೇ ಹೆಸರಿನ ಗೌರವ ಸಂದದ್ದು ಗಮನಾರ್ಹ. ಮಾರ್ಲಾಟ್ ೨೦೧೧ರ ಮಾರ್ಚ್ ೧೪ರಂದು ತಮ್ಮ ೬೯ನೆಯ ವಯಸ್ಸಿನಲ್ಲಿ ಸಿಯಾಟಲ್‌ನಲ್ಲಿ ನಿಧನರಾದರು.